ಹೊತ್ತು ಎಷ್ಟಾಗಿತ್ತು?

ಕನ್ನಡ ಮೇಷ್ಟರ ಬಳಿ ಜನ ಬರುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ: ಲಗ್ನಪತ್ರಿಕೆಯ ಒಕ್ಕಣೆ ತಿದ್ದಿಸಲು, ಇಲ್ಲವೆ ಮಗುವಿಗೆ ಯಾರೂ ಇಡದ ಹೆಸರೊಂದನ್ನು ಕೇಳಲು. ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪರ್ಕಳದ ನಮ್ಮ ಮನೆಗೆ ಬಂದದ್ದು ಮೂರನೆಯ ಕಾರಣಕ್ಕೆ. ಅವನು ಆಂಬುಲೆನ್ಸಿನಲ್ಲಿ ತುರ್ತುಚಿಕಿತ್ಸೆಯ ಕೆಲಸದವನು. ಕಾಗದದ ವರದಿಯನ್ನು ಬಿಟ್ಟು ರೋಗಿಯ ವಿವರವನ್ನು ಟ್ಯಾಬ್ಲೆಟ್ಟಿನಲ್ಲೇ ಬರೆದುಕೊಳ್ಳುವ ಸಾಫ್ಟ್‌ವೇರ್ ಒಂದನ್ನು ಅವರ ತಂಡ ಆರಿಸಬೇಕಾಗಿತ್ತು. ಮೂರು ಮಾದರಿಗಳು ಬಂದಿದ್ದವು. "ಸರ್, ಯಾವುದರ ಕನ್ನಡ ಚೆನ್ನಾಗಿದೆ, ನೋಡಿ ಹೇಳಿ" ಎಂದ.

ಯಂತ್ರಗಳ ವಿಷಯದಲ್ಲಿ ನಾನು ನಿರಕ್ಷರಿ. ಆದರೆ ಆ ವರದಿಯ ಬೆಲೆ ನನಗೆ ಗೊತ್ತು.

ಮೂರು ವರ್ಷದ ಹಿಂದೆ, ಆಟಿ ತಿಂಗಳ ಒಂದು ಬೆಳಗ್ಗೆ, ತಂದೆಯವರ ಬಾಯಿ ಒಂದು ಕಡೆಗೆ ವಾಲಿತ್ತು, ಬಲಗೈ ಸ್ವಾಧೀನದಲ್ಲಿರಲಿಲ್ಲ. ಆಂಬುಲೆನ್ಸಿನಲ್ಲಿ ಬಂದ ಬಯಲುಸೀಮೆಯ ಹುಡುಗ ಮೊದಲು ಕೇಳಿದ್ದು, "ಯಾವಾಗಿನಿಂದ ಹೀಗೆ?" "ಏಳು ಗಂಟೆಗೆ" ಎಂದೆ. ಅದು ನಾನು ನೋಡಿದ ಹೊತ್ತು! ಮೂಲೆಯಲ್ಲಿ ನಿಂತಿದ್ದ ಅಮ್ಮ ತುಳುವಿನಲ್ಲಿ ಏನೋ ಗೊಣಗಿದರು. ಹುಡುಗನಿಗೆ ತುಳು ಬಾರದು; ಆದರೂ ಬಿಡದೆ ಅರ್ಥ ಕೇಳಿ, ಎರಡನ್ನೂ ಬರೆದುಕೊಂಡ: "ಏಳು ಗಂಟೆ (ಮಗ). ರಾತ್ರಿ ಕರೆಂಟು ಬಂದ ಮೇಲೆ ನೀರು ಕೇಳಿದರು, ಆಗಲೇ ಮಾತು ತೊದಲುತ್ತಿತ್ತು (ಹೆಂಡತಿ)."

ಗುಡ್ಡ ಹತ್ತಿ ಮಣಿಪಾಲ ಸೇರಿದೆವು. ಡಾಕ್ಟರು ಆ ಕಾಗದ ಓದಿ, "ಕರೆಂಟು ಬಂದದ್ದು ಎಷ್ಟು ಹೊತ್ತಿಗೆ?" ಎಂದರು. ನಾನು ಮೇಣದ ಬತ್ತಿಯ ಬೆಳಕಿನಲ್ಲಿ ಉತ್ತರಪತ್ರಿಕೆ ನೋಡುತ್ತಿದ್ದವನು. ಹನ್ನೆರಡು ದಾಟಿತ್ತೆಂದು ನೆನಪಾಯಿತು. ಪಾರ್ಶ್ವವಾಯುವಿನಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಹೊತ್ತು ಮೀರಿದರೆ ಮಿದುಳಿನಲ್ಲಿ ರಕ್ತಸ್ರಾವವಾಗುವ ಭಯ ಹೆಚ್ಚು. ಲೆಕ್ಕ ಹಿಡಿಯುವುದು ಕಂಡ ಹೊತ್ತಿನಿಂದಲ್ಲ, ರೋಗಿ ಕೊನೆಯ ಸಲ ಸರಿಯಾಗಿದ್ದ ಹೊತ್ತಿನಿಂದ. ಔಷಧ ಕೊಡಲಿಲ್ಲ. ನನ್ನ 'ಏಳು ಗಂಟೆ'ಯೊಂದೇ ಬರೆದಿದ್ದರೆ ಏನಾಗುತ್ತಿತ್ತೋ, ಎಣಿಸಲಾರೆ.

ಹೀಗಾಗಿ ಮೂರು ಟ್ಯಾಬ್ಲೆಟ್ಟುಗಳನ್ನೂ ಅಮ್ಮನ ಮಾತನ್ನೇ ಇಟ್ಟುಕೊಂಡು ಪರೀಕ್ಷಿಸಿದೆ. ಮೊದಲನೆಯದರ ಕನ್ನಡ ಅಚ್ಚುಕಟ್ಟು. ಆದರೆ 'ರೋಗಾರಂಭದ ವೇಳೆ' ಎಂಬಲ್ಲಿ ಅಂಕಿ ಒತ್ತದೆ ಮುಂದಕ್ಕೆ ಹೋಗಗೊಡದು. ಅವಸರದಲ್ಲಿ ಯಾರಾದರೂ ಒಂದು ಅಂಕಿ ಒತ್ತಿಯಾರು. ಒತ್ತಿದ ಮೇಲೆ ಊಹೆಯೇ ಸತ್ಯವಾಗಿ ಕುಳಿತುಬಿಡುತ್ತದೆ. ಎರಡನೆಯದು ಬಲು ಚೆಂದ. ನೆಟ್‌ವರ್ಕ್ ಇಲ್ಲದಿದ್ದರೆ ಬರೆದದ್ದೆಲ್ಲ ಮಾಯ. ನಮ್ಮ ಮನೆ ಮುಂದಿನ ಹೆದ್ದಾರಿ ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತುತ್ತದೆ. ಆ ಕಾಡಿನಲ್ಲಿ ಸಿಗ್ನಲ್ ಎಲ್ಲಿ ಹುಡುಕುವುದು? ಮೂರನೆಯದರಲ್ಲಿ 'ರೋಗಿ' ದೀರ್ಘ ಕಳೆದುಕೊಂಡು 'ರೊಗಿ'ಯಾಗಿದ್ದ. ಆದರೆ 'ಕೊನೆಗೆ ಸರಿಯಾಗಿ ಕಂಡದ್ದು', 'ಹೇಳಿದವರು ಯಾರು', 'ಅವರದೇ ಮಾತು' ಎಂದು ಮೂರು ಬೇರೆ ಬೇರೆ ಮನೆಗಳಿದ್ದವು. 'ತಿಳಿಯದು' ಎನ್ನಲೂ ಒಂದು ಗುಂಡಿಯಿತ್ತು. ಬರೆದದ್ದು ಟ್ಯಾಬ್ಲೆಟ್ಟಿನಲ್ಲೇ ಉಳಿದು, ಸಿಗ್ನಲ್ ಸಿಕ್ಕಾಗ ಆಸ್ಪತ್ರೆಗೆ ಹೋಗುತ್ತಿತ್ತು.

"ದೀರ್ಘವನ್ನು ನಾನು ಹಾಕಿಕೊಡುತ್ತೇನೆ, ಇದನ್ನೇ ಆರಿಸಿರಿ" ಎಂದೆ. ಹುಡುಗ ನಕ್ಕ. ತೀರ್ಮಾನ ಮಾಡುವವರು ಮೇಲಿದ್ದಾರೆ. ನನ್ನ ಮಾತನ್ನು ಅವರಿಗೆ ತಲುಪಿಸುವುದಾಗಿ ಹೇಳಿ ಹೋದ.

ಹೃದಯ ನಿಂತವರ ವಿಷಯದಲ್ಲಿ ಒಂದೊಂದು ದೇಶ ಒಂದೊಂದು ಅರ್ಥದಲ್ಲಿ ಶಬ್ದಗಳನ್ನು ಬಳಸುತ್ತಿತ್ತಂತೆ. 1990ರಲ್ಲಿ ವೈದ್ಯರು ನಾರ್ವೆಯ ಉಟ್‌ಸ್ಟೈನ್ ಎಂಬ ಹಳೆಯ ಮಠದಲ್ಲಿ ಸೇರಿ, ಯಾವ ಮಾತಿಗೆ ಯಾವ ಅರ್ಥವೆಂದು ಗೊತ್ತುಮಾಡಲು ಕುಳಿತರು. ಮುಂದಿನ ವರ್ಷ ಅವರ ಒಪ್ಪಂದ ಪ್ರಕಟವಾಯಿತು. ಪದದ ಅರ್ಥಕ್ಕಾಗಿ ತಲೆ ಕೆಡಿಸಿಕೊಳ್ಳುವುದು ನಮ್ಮಂಥವರ ಹವ್ಯಾಸವೆಂದೇ ತಿಳಿದಿದ್ದೆ. ಅದರ ಮೇಲೆ ಪ್ರಾಣವೂ ನಿಂತಿರುತ್ತದೆ.

ತಂದೆಯವರು ಈಗ ಎಡಗೈಯಲ್ಲಿ ಊಟ ಮಾಡುತ್ತಾರೆ. ಮೊನ್ನೆ ಅಮ್ಮನಿಗೊಂದು ಗೋಡೆ ಗಡಿಯಾರ ತಂದುಕೊಟ್ಟೆ. ತಂದೆ ಮಾತ್ರೆ ನುಂಗಿದ್ದು ಎಷ್ಟು ಹೊತ್ತಿಗೆ ಎಂದು ಕೇಳಿದರೆ, ಇವತ್ತಿಗೂ ಅವರ ಉತ್ತರ ಒಂದೇ: "ಹಾಲಿನವನು ಬಂದು ಹೋದ ಮೇಲೆ."