ಕತ್ತೆಯು ಕತೆಯಾದ ಬಗೆ

ಎರಡು ಯಂತ್ರಗಳನ್ನು ಒಂದು ತಂತಿಯಿಂದ ಬಿಗಿದುಬಿಟ್ಟರೆ ಅವು ತಾವಾಗಿಯೇ ಒಂದನ್ನೊಂದು ಅರಿತುಕೊಳ್ಳುವುವು ಎಂಬುದು ಅಂಗಡಿಯಲ್ಲಿ ಕೇಳಿಬರುವ ಮಾತು. ಮನೆಗೆ ತಂದ ಮೇಲೆ ನಡೆಯುವುದೇ ಬೇರೆ. ಕಂಪ್ಯೂಟರು ತನ್ನ ಪಾಡಿಗೆ ತಾನು ಚಿತ್ರವನ್ನು ಕಳುಹಿಸುತ್ತಿರುವುದು. ಟೆಲಿವಿಷನ್ನು ಕಪ್ಪು ಮೋರೆ ಹೊತ್ತು ಗೋಡೆಯ ಮೇಲೆ ಕುಳಿತಿರುವುದು. ನಡುವೆ ಮನೆಮಂದಿಯೆಲ್ಲ ಸೇರಿ ತಂತಿಯನ್ನು ಕಿತ್ತು ಚುಚ್ಚಿ, ಚುಚ್ಚಿ ಕಿತ್ತು ಬೆವರುತ್ತಿರುವರು. ಇದು ವಿನೋದದ ನೋಟವೆಂದು ನಗುವವರು ನಗಬಹುದು. ಆದರೆ ಆ ಕಪ್ಪು ಮೋರೆಯ ಹಿಂದೆ ಒಂದು ಮಗುವಿನ ಪಾಠ ನಿಂತುಹೋಗಿರುವಾಗ ನಗು ಅಷ್ಟು ಸುಲಭವಾಗಿ ಬಾರದು.

2020ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿದುದೂ, ಎಂದೂ ನಿಲ್ಲದ ನಮ್ಮ ಲೋಕಲ್ ಗಾಡಿಗಳು ನಿಂತುದೂ ಈಗಿನ ಸಣ್ಣ ಮಕ್ಕಳಿಗೆ ಕೇಳಿದ ಸಂಗತಿ. ದೊಡ್ಡ ಮಕ್ಕಳಿಗೆ ಕಂಡ ಸಂಗತಿ. ಜೂನ್ 15ರಂದು ಗಾಡಿಗಳು ಮತ್ತೆ ಓಡಿದರೂ ಅವು ಅವಶ್ಯಕ ಸೇವೆಯವರಿಗೆ ಮಾತ್ರ ಮೀಸಲಾಗಿದ್ದುವು. ಸಾಮಾನ್ಯ ಜನರು ಹತ್ತಬೇಕಾದರೆ 2021ರ ಫೆಬ್ರವರಿ 1 ಬರಬೇಕಾಯಿತು, ಅದೂ ಗೊತ್ತುಮಾಡಿದ ಹೊತ್ತಿನಲ್ಲಿ ಮಾತ್ರ. ಆ ವರ್ಷವೆಲ್ಲ ನಾವು ಠಾಣೆಯ ಮನೆಯೊಳಗೆ ಕುಳಿತು ಪಾಠ ಹೇಳಿದೆವು. ಡೊಂಬಿವಲಿ, ಕಲ್ಯಾಣ, ಐರೋಲಿಗಳ ಮಕ್ಕಳು ತಂತಮ್ಮ ಮನೆಗಳಲ್ಲಿ ಕುಳಿತು ಕೇಳಿದರು. ಬಾಲಭಾರತಿಯ ಕನ್ನಡ ಪುಸ್ತಕಗಳು ಪರದೆಯ ಮೇಲೂ ದೊರೆಯುತ್ತಿದ್ದುವು ನಿಜ. ಆದರೆ ಅಂಗೈಯಗಲದ ಫೋನಿನಲ್ಲಿ ರೇಖಾಗಣಿತದ ಆಕೃತಿಯನ್ನು ನೋಡಿ ತಿಳಿಯುವುದು ಇರುವೆಯ ಕಾಲನ್ನು ಎಣಿಸಿದಂತೆಯೇ. ಒಂದು ಮನೆಗೆ ಒಂದೇ ಫೋನು. ಅದೂ ತಂದೆಯ ಜೇಬಿನಲ್ಲಿ. ಇಂತಿರಲು ಗೋಡೆಯ ಮೇಲಿನ ಟಿ.ವಿ.ಯನ್ನೇ ಕರಿಹಲಗೆಯನ್ನಾಗಿ ಮಾಡಿಕೊಳ್ಳೋಣವೆಂಬ ಯೋಚನೆ ಹಲವು ಮನೆಗಳಲ್ಲಿ ಹುಟ್ಟಿತು.

ಡೊಂಬಿವಲಿಯಲ್ಲಿದ್ದ ಕುಂದಾಪುರದ ಕಡೆಯ ಕುಟುಂಬವೊಂದರ ಸಂಗತಿಯನ್ನು ಇಲ್ಲಿ ಹೇಳಬೇಕು. ತಂದೆ ದುಡಿಯುತ್ತಿದ್ದ ಹೋಟೆಲು ಮುಚ್ಚಿತ್ತು. ಮಗಳು ಹತ್ತನೆಯ ತರಗತಿ, ಮಗ ಆರನೆಯದು. ಹೋಟೆಲಿನ ಹಳೆಯ ಗಿರಾಕಿಯೊಬ್ಬರು ತಮ್ಮ ಲ್ಯಾಪ್‌ಟಾಪನ್ನು ಇವರಿಗೆ ಕೊಟ್ಟಿದ್ದರು. ಅದರ ಪರದೆ ಒಡೆದು ಅರ್ಧ ಭಾಗ ಮಸಿ ಬಳಿದಂತಿತ್ತು, ಉಳಿದರ್ಧ ಚೆನ್ನಾಗಿತ್ತು. ನೀಲಿ ಬಣ್ಣದ, ಎರಡು ಪಕ್ಕಗಳಲ್ಲಿ ತಿರುಪುಗಳುಳ್ಳ ಹಳೆಯ ವಿಜಿಎ ಕೇಬಲಿನಿಂದ ಅದನ್ನು ಟಿ.ವಿ.ಗೆ ಜೋಡಿಸಿದರು. ಚಿತ್ರವೇನೋ ಬಂದಿತು. ಆದರೆ ಮನೆಯಲ್ಲಿ ಯಾರೂ ಬಯಸದ ಬಣ್ಣದಲ್ಲಿ ಬಂದಿತು.

ತಂದೆ ನೆರೆಯ ಅಂಗಡಿಯವನೊಬ್ಬನಿಗೆ ಫೋನು ಮಾಡಿ ಕೇಳಲಾಗಿ, ಆತ ನೋಡದೆಯೇ “ಪ್ಯಾನೆಲ್ ಹೋಗಿದೆ, ಹೊಸ ಟಿ.ವಿ.ಯೇ ಗತಿ, ಕಡಿಮೆಯೆಂದರೆ 12,000 ರೂಪಾಯಿ” ಎಂದನಂತೆ. ಮನೆಯಲ್ಲಿ ಅಷ್ಟು ಹಣವೆಲ್ಲಿಯದು? ತಾಯಿಯ ಬಳೆಗಳನ್ನು ಅಡವಿಡುವ ಮಾತು ಹೊರಟಿತು. ಆಗ ಹುಡುಗಿ, ತಂದೆಗೆ ತಿಳಿಯದಂತೆ, ನಮಗೆ ಫೋನು ಮಾಡಿದಳು.

ಠಾಣೆಯಿಂದ ಕಳವಾ, ಮುಂಬ್ರಾ, ದಿವಾ, ಕೋಪರ್ ದಾಟಿದರೆ ಡೊಂಬಿವಲಿ. ಬೇರೆ ಕಾಲವಾಗಿದ್ದರೆ ಸಂಜೆಯ ಗಾಡಿ ಹಿಡಿದು ಹೋಗಿ ನೋಡಿ ಬರಬಹುದಾಗಿತ್ತು. ಈಗ ಕಣ್ಣಿನ ಕೆಲಸವನ್ನು ಕಿವಿಯಿಂದ ಮಾಡಬೇಕಾಯಿತು.

“ಏನು ಕಾಣುತ್ತಿದೆ, ಹೇಳು” ಎಂದೆವು.

“ಬಿಳಿ ಇದ್ದದ್ದೆಲ್ಲ ಗುಲಾಬಿ ಕಾಣ್ತದೆ, ಸರ್. ನಿಮ್ಮ ಅಂಗಿಯೂ ಗುಲಾಬಿ.”

“ಪುಸ್ತಕದ ಚಿತ್ರದಲ್ಲಿ ಎಲೆಗಳಿವೆಯಲ್ಲ, ಅವು?”

“ಅವು ಕಪ್ಪು, ಸರ್.”

ಇಷ್ಟು ಸಾಕಾಯಿತು. ಓದುವ ಮಕ್ಕಳು ವಿಜ್ಞಾನದ ಪಾಠವನ್ನು ಒಮ್ಮೆ ನೆನೆಯಬೇಕು. ಪರದೆಯ ಮೇಲಣ ಬಣ್ಣಗಳೆಲ್ಲ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳ ಬೆರಕೆ. ಮೂರೂ ಸಮನಾಗಿ ಸೇರಿದಲ್ಲಿ ಬಿಳುಪು. ಅವುಗಳಲ್ಲಿ ಹಸಿರು ಬಾರದೆ ಹೋದರೆ ಕೆಂಪು ನೀಲಿಗಳೆರಡೇ ಉಳಿದು ಬಿಳಿಯ ಜಾಗದಲ್ಲಿ ಕಡು ಗುಲಾಬಿ ಕಾಣುವುದು. ಹಸಿರಾಗಿಯೇ ಇರತಕ್ಕ ಎಲೆಗೆ ಬೆಳಕೇ ಇಲ್ಲದೆ ಕಪ್ಪಾಗುವುದು. ಹಾಗೆಯೇ ನೀಲಿ ತಪ್ಪಿದರೆ ಎಲ್ಲವೂ ಹಳದಿ; ಕೆಂಪು ತಪ್ಪಿದರೆ ಹಸಿರುನೀಲಿ. ವಿಜಿಎ ಕೇಬಲಿನಲ್ಲಿ ಈ ಮೂರು ಬಣ್ಣಗಳೂ ಮೂರು ಬೇರೆ ತಂತಿಗಳಲ್ಲಿ ಹರಿದುಬರುತ್ತವೆ. ಆದುದರಿಂದ ಒಂದೇ ಬಣ್ಣ ಕಾಣೆಯಾಯಿತೆಂದರೆ, ಒಂದೇ ತಂತಿಯ ದಾರಿಯಲ್ಲಿ ಎಲ್ಲಿಯೋ ತಡೆಯುಂಟಾಗಿದೆ ಎಂದು ಮೊದಲು ಶಂಕಿಸತಕ್ಕದ್ದು.

ಆದರೂ ಅಂಗಡಿಯವನ ಮಾತನ್ನು ಪರೀಕ್ಷಿಸದೆ ತಳ್ಳಿಹಾಕುವುದು ನ್ಯಾಯವಲ್ಲ. “ಟಿ.ವಿ.ಯ ರಿಮೋಟಿನಲ್ಲಿ ಮೆನು ಎಂಬ ಗುಂಡಿಯನ್ನು ಒತ್ತು. ಆ ಪಟ್ಟಿಯ ಅಕ್ಷರಗಳು ಯಾವ ಬಣ್ಣ?” ಎಂದು ಕೇಳಿದೆವು. “ಬಿಳಿ, ಸರ್!” ಎಂದಳು. ಆ ಪಟ್ಟಿಯನ್ನು ಬರೆಯುವುದು ಟಿ.ವಿ.ಯೇ ಹೊರತು ಕಂಪ್ಯೂಟರಲ್ಲ. ಅದು ಅಚ್ಚ ಬಿಳಿಯಾಗಿ ಕಂಡಿತೆಂದರೆ ಪ್ಯಾನೆಲಿಗೆ ಹಸಿರು ಬೆಳಗಿಸುವ ಶಕ್ತಿ ಇದೆ ಎಂದಾಯಿತು. ಇತ್ತ ಲ್ಯಾಪ್‌ಟಾಪಿನ ಸ್ವಂತ ಪರದೆಯ ಒಡೆಯದ ಅರ್ಧದಲ್ಲಿಯೂ ಬಣ್ಣಗಳು ಸರಿಯಾಗಿದ್ದುವು. ಕಳುಹಿಸುವವನೂ ಸರಿ, ತೋರಿಸುವವನೂ ಸರಿ. ಇನ್ನು ನಡುದಾರಿಯನ್ನು ನೋಡುವುದೇ ಉಳಿದದ್ದು. ಹನ್ನೆರಡು ಸಾವಿರ ರೂಪಾಯಿಯ ಪ್ರಶ್ನೆಗೆ ಒಂದು ಗುಂಡಿ ಉತ್ತರ ಕೊಟ್ಟಿತು. ಇಂಥ ಪರೀಕ್ಷೆಗೆ ಕಾಸಿನ ಖರ್ಚಿಲ್ಲ ಎಂಬ ಕಾರಣದಿಂದಲೇ ಜನರು ಇದನ್ನು ಮಾಡುವುದಿಲ್ಲವೋ ಏನೋ!

ಎರಡು ಯಂತ್ರಗಳನ್ನೂ ಆರಿಸಿ, ಕೇಬಲನ್ನು ಕಳಚಿ, ಅದರ ಬಾಯನ್ನು ಬೆಳಕಿಗೆ ಹಿಡಿಯಹೇಳಿದೆವು. ಐದೈದರಂತೆ ಮೂರು ಸಾಲು, ಒಟ್ಟು 15 ಪಿನ್ನುಗಳು. ಮೇಲಿನ ಸಾಲಿನ ಮೊದಲ ಮೂರು ಕ್ರಮವಾಗಿ ಕೆಂಪು, ಹಸಿರು, ನೀಲಿ. ನಡುವಣ ಸಾಲಿನ ಒಂಬತ್ತನೆಯ ಪಿನ್ನು ಅನೇಕ ಕೇಬಲುಗಳಲ್ಲಿ ಹುಟ್ಟುವಾಗಲೇ ಇರುವುದಿಲ್ಲ. ಅದನ್ನು ಕಂಡು ಗಾಬರಿಯಾಗಬಾರದು. ಹುಡುಗಿ ಎಣಿಸಿದಳು. “ಮೇಲಿನ ಸಾಲಿನಲ್ಲಿ ಎರಡನೆಯದು ಮಲಗಿದೆ, ಸರ್” ಎಂದಳು. ಅವಳ ತಾಯಿ ಸಣ್ಣ ಚಿಮಟವೊಂದನ್ನು ಹುಡುಕಿ ತಂದರು. ಒಮ್ಮೆ ಬಾಗಿದ ಪಿನ್ನು ಮತ್ತೆ ಮತ್ತೆ ಬಾಗುವುದನ್ನು ಸಹಿಸದು, ಮುರಿದೇ ಹೋಗುತ್ತದೆ. ಆದ್ದರಿಂದ ನಿಧಾನವಾಗಿ, ಒಂದೇ ಸಲಕ್ಕೆ ನೆಟ್ಟಗೆ ಮಾಡಬೇಕೆಂದು ಹೇಳಿ ನಾವು ಫೋನು ಹಿಡಿದುಕೊಂಡು ಸುಮ್ಮನೆ ಕುಳಿತೆವು. ಆ ಮೂರು ನಾಲ್ಕು ನಿಮಿಷಗಳು ಬಲು ಉದ್ದವಾಗಿದ್ದುವು. ಆಮೇಲೆ ಆ ಕಡೆಯಿಂದ “ಬಂತು, ಬಂತು!” ಎಂಬ ಕೂಗು ಕೇಳಿಸಿತು. ಕೂಗಿದವರು ತಾಯಿ.

ಈ ಕೂಗು ನಮ್ಮ ಊರುಗಳಿಗೆ ಹೊಸದಲ್ಲ. ಮುಂಬಯಿಯಲ್ಲಿ ದೂರದರ್ಶನದ ಕೇಂದ್ರವು ಆರಂಭವಾದುದು 1972ರ ಅಕ್ಟೋಬರ್ 2ರಂದು. ಅಲ್ಲಿಂದ ಮುಂದಕ್ಕೆ ಎಷ್ಟೋ ವರ್ಷ ಚಾಳುಗಳ ಮಾಡಿನ ಮೇಲೆಲ್ಲ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾಗಳು ವರಳಿಯ ಗೋಪುರದ ಕಡೆಗೆ ಮುಖಮಾಡಿ ನಿಂತಿದ್ದುವು. ಗಾಳಿ ಬೀಸಿದರೆ ಚಿತ್ರ ಅಲುಗುತ್ತಿತ್ತು. ಕಾಗೆ ಕುಳಿತರೆ ಮಸುಕಾಗುತ್ತಿತ್ತು. ಅಲೆಗಳು ನೇರವಾಗಿಯೂ, ಎತ್ತರದ ಕಟ್ಟಡಕ್ಕೋ ಗುಡ್ಡಕ್ಕೋ ಬಡಿದು ತುಸು ತಡವಾಗಿಯೂ ಬಂದರೆ, ಒಬ್ಬನೇ ಮನುಷ್ಯ ಪಕ್ಕದಲ್ಲಿ ತನ್ನ ಭೂತವನ್ನು ಕರೆದುಕೊಂಡು ನಡೆಯುತ್ತಿದ್ದನು. ಅಪ್ಪ ಮಾಡಿನ ಮೇಲೆ ಕೋಲು ತಿರುಗಿಸುವುದು, ಅಣ್ಣ ಮೆಟ್ಟಿಲಲ್ಲಿ ನಿಲ್ಲುವುದು, ಅಮ್ಮ ಒಳಗಿನಿಂದ “ಬಂತು, ಬಂತು… ಹೋಯ್ತು!” ಎನ್ನುವುದು — ಇದು ಆ ಕಾಲದ ನಿತ್ಯಕರ್ಮ. ಇನ್ನೂ ಒಂದು ಮಾತು: ಟಿ.ವಿ.ಯ ಮೂಲಕ ಕನ್ನಡದಲ್ಲಿ ಪಾಠ ಹೇಳುವುದು 2020ರಲ್ಲಿ ಹುಟ್ಟಿದ ಹೊಸ ಉಪಾಯವೇನೂ ಅಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ದೇಶದ 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಕಳುಹಿಸಿದಾಗ ಕರ್ನಾಟಕದ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದುವು. ಕೋಳಿಗೂಡಿನ ಬಲೆಯಂಥ ಜಾಲರಿಯಿಂದ ಮಾಡಿದ ದೊಡ್ಡ ತಟ್ಟೆಗಳು ಅಲ್ಲಿ ಆಕಾಶಕ್ಕೆ ಮುಖಮಾಡಿದ್ದುವು.

ಅದಿರಲಿ. ಡೊಂಬಿವಲಿಯ ಮನೆಯಲ್ಲಿ ಬಣ್ಣ ಬಂದಿತು; ಮರುದಿನ ಬೇರೊಂದು ದೂರು ಬಂದಿತು. ಅಂದು ನಾವು ವೃತ್ತದ ಅಧ್ಯಾಯವನ್ನು ಹೇಳುತ್ತಿದ್ದೆವು. “ಸರ್, ನೀವು ವೃತ್ತ ಅಂದಿರಿ, ಇಲ್ಲಿ ಮೊಟ್ಟೆ ಕಾಣ್ತದೆ” ಎಂದಳು. ಮೊಟ್ಟೆಗೆ ಸ್ಪರ್ಶರೇಖೆ ಎಳೆದು ಪ್ರಮೇಯವನ್ನು ಸಾಧಿಸುವುದು ಹೇಗೆ? ಇದರ ಲೆಕ್ಕ ಬಹಳ ಸೊಗಸಾದುದು. ಕಂಪ್ಯೂಟರು 1024 ಚುಕ್ಕೆ ಅಗಲ, 768 ಚುಕ್ಕೆ ಎತ್ತರದ ಚಿತ್ರವನ್ನು ಕಳುಹಿಸುತ್ತಿತ್ತು. ಅಂದರೆ 4ಕ್ಕೆ 3ರ ಪ್ರಮಾಣ. ಟಿ.ವಿ.ಯ ಪರದೆಯೋ 16ಕ್ಕೆ 9ರದು. ಚಿಕ್ಕ ಅಗಲದ ಚಿತ್ರವನ್ನು ದೊಡ್ಡ ಅಗಲಕ್ಕೆ ಎಳೆದುದರಿಂದ ಪ್ರತಿಯೊಂದೂ ಅಡ್ಡಕ್ಕೆ ಮೂರರಲ್ಲೊಂದು ಪಾಲು ಹಿಗ್ಗಿತು. ಒಂಬತ್ತು ಅಂಗುಲ ಎತ್ತರದ ವೃತ್ತ ಹನ್ನೆರಡು ಅಂಗುಲ ಅಗಲವಾಯಿತು.

ಆಕೃತಿ ಮಾತ್ರವಲ್ಲ, ಅಕ್ಷರವೂ ಕೆಟ್ಟಿತು. ಕಳುಹಿಸಿದ ಒಂದು ಚುಕ್ಕೆ ಪರದೆಯ ಒಂದು ಚುಕ್ಕೆಯ ಮೇಲೆ ಸರಿಯಾಗಿ ಕೂರದೆ ಎರಡರ ನಡುವೆ ಹರಡಿಕೊಂಡರೆ ಅಂಚುಗಳೆಲ್ಲ ಮಬ್ಬಾಗುವುವು. ಇಂಗ್ಲಿಷಿನ ದಪ್ಪ ಅಕ್ಷರಗಳು ಇದನ್ನು ಹೇಗೋ ತಾಳಿಕೊಂಡಾವು. ಕನ್ನಡದ ಹಲವು ಅಕ್ಷರಗಳಲ್ಲಿ ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ನಡುವೆ ಇರುವುದು ಹೊಟ್ಟೆಯಡಿಯ ಒಂದು ಸಣ್ಣ ಸೀಳು. “ಇದು ದನವೋ ಧನವೋ, ಸರ್?” ಎಂದು ಆಕೆ ಕೇಳಿದಾಗ, ಹಳ್ಳಿಯವರಿಗೆ ಒಂದು ಕಾಲದಲ್ಲಿ ಎರಡೂ ಒಂದೇ ಆಗಿದ್ದುವು ಎಂದು ಹೇಳಿ ನಗಿಸಿದೆವಾದರೂ ಪಾಠಕ್ಕೆ ಅದು ಉತ್ತರವಾಗಲಾರದು.

ಟಿ.ವಿ.ಯು ತನ್ನ ಅಳತೆಯನ್ನು ಕಂಪ್ಯೂಟರಿಗೆ ತಾನೇ ತಿಳಿಸುವ ವ್ಯವಸ್ಥೆಯುಂಟು. ಕೇಬಲಿನ ಕೆಳಸಾಲಿನ ಎರಡು ಪಿನ್ನುಗಳು ಇರುವುದು ಅದಕ್ಕಾಗಿಯೇ. ಅಗ್ಗದ ಕೆಲವು ಕೇಬಲುಗಳಲ್ಲಿ ಆ ತಂತಿಗಳನ್ನು ಎಳೆದಿರುವುದೇ ಇಲ್ಲ. ಆಗ ಕಂಪ್ಯೂಟರು ಕುರುಡನಂತೆ ಒಂದು ಸಾಧಾರಣ ಅಳತೆಯನ್ನು ಊಹಿಸಿ ಕಳುಹಿಸುತ್ತದೆ. ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ ನಾವೇ ಅಳತೆಯನ್ನು ಆರಿಸಿಕೊಟ್ಟರೆ ಸರಿಹೋಗುವುದು. ಆ ಟಿ.ವಿ.ಗೆ 1366ಕ್ಕೆ 768 ಹೊಂದುತ್ತಿತ್ತು. ಪಟ್ಟಿಯಲ್ಲಿ ಅದಿಲ್ಲದೆ 1360 ಇದ್ದುದರಿಂದ ಅದನ್ನೇ ಆರಿಸಿದಳು. ಮೊಟ್ಟೆ ವೃತ್ತವಾಯಿತು, ದನವೂ ಧನವೂ ಬೇರೆಯಾದುವು. ಟಿ.ವಿ.ಗೆ ಒಗ್ಗದ ಅಳತೆಯನ್ನು ಆರಿಸಿ ಪರದೆ ಕಪ್ಪಾದರೆ ಹೆದರಬೇಕಾಗಿಲ್ಲ. ಏನನ್ನೂ ಮುಟ್ಟದೆ ಹದಿನೈದು ಸೆಕೆಂಡು ಕಾದರೆ ವಿಂಡೋಸ್ ತಾನೇ ಹಳೆಯ ಅಳತೆಗೆ ಮರಳುವುದು.

ಐರೋಲಿಯ ಹುಡುಗನೊಬ್ಬನದು ಇನ್ನೊಂದು ಬಗೆ. ಅವರಲ್ಲಿದ್ದುದು ಹೊಸ ಎಚ್‌ಡಿಎಂಐ ಕೇಬಲು. ಮೊದಲು “ನೋ ಸಿಗ್ನಲ್” ಎಂದು ಬಂದಿತು. ಕೇಬಲು ಎರಡನೆಯ ತೂತಿನಲ್ಲಿತ್ತು, ರಿಮೋಟಿನಲ್ಲಿ ಮೊದಲನೆಯದನ್ನು ಆರಿಸಿದ್ದರು. ಅದು ಕ್ಷಣದಲ್ಲಿ ಮುಗಿದ ಕೆಲಸ. ಕೆಲವು ದಿನಗಳಾದ ಮೇಲೆ ಅವನು ಬರೆದು ಕಳುಹಿಸಿದ ಉತ್ತರದಲ್ಲಿ “ಹೊಲದಲ್ಲಿ ಕತೆ ಮೇಯುತ್ತಿತ್ತು” ಎಂದಿತ್ತು. ಓದಿ ಬೆರಗಾದೆವು. ಹುಡುಗನು ಕವಿಯಾಗುವ ಲಕ್ಷಣವಿರಬಹುದೆಂದು ಕ್ಷಣಕಾಲ ಸಂತೋಷವೂ ಆಯಿತು. ಕೇಳಿದರೆ, “ಟಿ.ವಿ.ಯಲ್ಲಿ ಹಾಗೇ ಇತ್ತು, ಸರ್” ಎಂದನು. ಪುಟದ ಕೊನೆಯ ಸಾಲು ಪರದೆಯ ಅಂಚಿಗೆ ಬಂದು, ‘ಕತ್ತೆ’ಯ ಕೆಳಗಿನ ಒತ್ತು ಕತ್ತರಿಸಿಹೋಗಿತ್ತು! ಅಕ್ಷರದ ತಲೆಯಲ್ಲಿ ಗುಡಿಸು ಹೊತ್ತು, ಕಾಲಡಿಯಲ್ಲಿ ಒತ್ತು ಧರಿಸುವ ನಮ್ಮ ಲಿಪಿಗೆ ಅಂಚು ಕತ್ತರಿಸುವ ಪರದೆಯಷ್ಟು ದೊಡ್ಡ ಶತ್ರು ಬೇರೊಂದಿಲ್ಲ.

ಇದಕ್ಕೆ ಕಾರಣ ಹಳೆಯ ಗಾಜಿನ ಕೊಳವೆಯ ಟಿ.ವಿ.ಗಳು. ನಮ್ಮ ದೇಶದ ಪದ್ಧತಿಯಲ್ಲಿ ಚಿತ್ರವನ್ನು 625 ಗೆರೆಗಳಲ್ಲಿ ಕಳುಹಿಸುತ್ತಿದ್ದರು; ಚಿತ್ರಕ್ಕೆಂದು ಬಳಕೆಯಾಗುತ್ತಿದ್ದುದು ಅವುಗಳಲ್ಲಿ 576 ಮಾತ್ರ. ಕೊಳವೆಯ ಅಂಚಿನಲ್ಲಿ ಚಿತ್ರ ಸೊಟ್ಟಗಾಗುವುದನ್ನೂ, ವಿದ್ಯುತ್ತು ಏರಿಳಿದಾಗ ಕುಗ್ಗುವುದನ್ನೂ ಮರೆಮಾಡಲು ಆ ಚಿತ್ರವನ್ನು ತುಸು ಹಿಗ್ಗಿಸಿ ಅದರ ಅಂಚನ್ನು ಚೌಕಟ್ಟಿನ ಹಿಂದೆ ಅಡಗಿಸುತ್ತಿದ್ದರು. ಕೊಳವೆ ಹೋಯಿತು, ಅಭ್ಯಾಸ ಹೋಗಲಿಲ್ಲ. ಚಪ್ಪಟೆಯಾದ ಹೊಸ ಟಿ.ವಿ.ಗಳಲ್ಲಿಯೂ ಅನೇಕವು ಇಂದಿಗೂ ಚಿತ್ರವನ್ನು ಹಿಗ್ಗಿಸಿ ಎಲ್ಲ ಅಂಚುಗಳಲ್ಲಿ ನೂರಕ್ಕೆ ಎರಡು ಮೂರು ಪಾಲು ನುಂಗಿಬಿಡುತ್ತವೆ. ಟಿ.ವಿ.ಯ ಚಿತ್ರದ ಅಳತೆಯ ಪಟ್ಟಿಯಲ್ಲಿ ‘ಜಸ್ಟ್ ಸ್ಕ್ಯಾನ್’ ಎಂದೋ ‘ಸ್ಕ್ರೀನ್ ಫಿಟ್’ ಎಂದೋ ಇರುವುದನ್ನು ಆರಿಸಿದರೆ ನುಂಗಿದುದನ್ನು ಮರಳಿ ಕೊಡುವುವು. ಐರೋಲಿಯಲ್ಲಿ ಕತ್ತೆ ಮರಳಿ ಬಂದಿತು.

ಕಲ್ಯಾಣದ ಮನೆಯೊಂದರಲ್ಲಿ ಚಿತ್ರವು ಮಿನುಗಿ ಮಿನುಗಿ ಆರುತ್ತಿತ್ತು. ಒಳಕೋಣೆಯಿಂದ ಹೊರಕೋಣೆಗೆ ಎಳೆದ ಹತ್ತು ಮೀಟರಿನ ತೆಳು ಕೇಬಲಿನ ಬದಲು ಗಿಡ್ಡ ಕೇಬಲು ಹಾಕಿದ ಮೇಲೆ ನಿಂತಿತು. ಹೆಚ್ಚು ಹೇಳತಕ್ಕದ್ದೇನೂ ಅಲ್ಲಿರಲಿಲ್ಲ.

2021ರಲ್ಲಿ ಮಹಾರಾಷ್ಟ್ರದ ಹತ್ತನೆಯ ತರಗತಿಯ ಪರೀಕ್ಷೆ ರದ್ದಾಯಿತು. ವರ್ಷವಿಡೀ ಗುಲಾಬಿ ಬಣ್ಣದೊಡನೆಯೂ ಮೊಟ್ಟೆಯೊಡನೆಯೂ ಹೋರಾಡಿದ ಹುಡುಗಿಗೆ ಅದು ಮೊದಲು ಅನ್ಯಾಯವೆಂದೇ ತೋರಿತು. ಆದರೆ ಫಲಿತಾಂಶವನ್ನು ಶಾಲೆಯ ಒಳಗಿನ ಮೌಲ್ಯಮಾಪನದಿಂದ ನಿರ್ಣಯಿಸಿದುದರಿಂದ, ಆಕೆ ಟಿ.ವಿ. ನೋಡಿ ಕಲಿತು ಬರೆದದ್ದೇ ಲೆಕ್ಕಕ್ಕೆ ಬಂದಿತು. ಬಳೆಗಳು ತಾಯಿಯ ಕೈಯಲ್ಲಿಯೇ ಉಳಿದುವು. ವಿಜಿಎ ಕೇಬಲಿನಲ್ಲಿ ಧ್ವನಿ ಹರಿಯದ ಕಾರಣ ಚಿತ್ರ ಗೋಡೆಯ ಮೇಲೂ ನಮ್ಮ ಮಾತು ಲ್ಯಾಪ್‌ಟಾಪಿನ ಹೊಟ್ಟೆಯಿಂದಲೂ ಬರುತ್ತಿತ್ತು. ಕುಕ್ಕರಿನ ಸೀಟಿ ಕೂಗಿದಾಗ ಪಾಠ ಕೇಳದೆ ಹೋಗುತ್ತಿತ್ತು. ಅದನ್ನು ತಾಯಿಯೇ ಸರಿಮಾಡಿಕೊಂಡರು, ಅಡಿಗೆಯ ಹೊತ್ತನ್ನು ಪಾಠದ ಆಚೆಗೆ ತಳ್ಳಿ. ತಮ್ಮನಾದವನು ಕೇಬಲಿನ ಎರಡೂ ತಿರುಪುಗಳನ್ನು ಬಿಗಿಮಾಡಿ, ಅದರ ಕೊರಳಿಗೆ ಒಂದು ಚೀಟಿ ಕಟ್ಟಿದನು. “ಯಾರೂ ಕೀಳಬಾರದು. ಅಪ್ಪನೂ” ಎಂದು ಅದರಲ್ಲಿ ಬರೆದಿತ್ತು.