ಕಾರಿನ ಮಿಸ್ಸಿಂಗ್ ಮತ್ತು ನಮ್ಮ ಗುಮಾನಿ



ಇಂಜಿನ್‌ನ ವಿಷಯ ಎಂದು ಈ ಪುಟವನ್ನು ಮಗುಚಿ ಅಡುಗೆಯ ಅಂಕಣಕ್ಕೆ ಹೋಗಬೇಡಿ. ಇಂದು ನಮ್ಮ ಎಷ್ಟೋ ಮನೆಗಳ ಮುಂದೆ ಒಂದು ಹಳೆಯ ಕಾರು ನಿಂತಿರುತ್ತದೆ. ಅದನ್ನು ಓಡಿಸುವವರು ಗಂಡಸರೇ ಆಗಿರಲಿ, ನಾವೇ ಆಗಿರಲಿ, ಅದು ಕೆಟ್ಟಾಗ ದುಡ್ಡು ಹೋಗುವುದು ಮಾತ್ರ ಮನೆಯ ಖರ್ಚಿನಿಂದ, ಮಕ್ಕಳ ಫೀಸಿನಿಂದ. ಕೆಲವೊಮ್ಮೆ ದುಡ್ಡಿಗಿಂತ ದೊಡ್ಡದು ಹೋಗುವುದೂ ಉಂಟು. ಚಂದಾಪುರದ ನಮ್ಮ ಬೀದಿಯಲ್ಲಿ ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗನ ಮಾನ ಹೋಗುವುದರಲ್ಲಿತ್ತು, ಅದೂ ಅಂಗೈಯಷ್ಟಿಲ್ಲದ ಒಂದು ಕಾಯಿಲ್‌ನಿಂದ!

ಗ್ಯಾರೇಜಿನವರು ‘ಗಾಡಿ ಮಿಸ್ಸಿಂಗ್ ಹೊಡೀತಾ ಇದೆ’ ಎನ್ನುವುದನ್ನು ನೀವು ಕೇಳಿರಬಹುದು. ಹಾಗೆಂದರೇನು? ನಿಮ್ಮ ಗ್ಯಾಸ್ ಒಲೆಯನ್ನೇ ನೆನಪಿಸಿಕೊಳ್ಳಿ. ನಾಬ್ ತಿರುಗಿಸಿದಿರಿ, ಗ್ಯಾಸ್ ಬರುತ್ತಿದೆ, ಲೈಟರ್ ಟಕ್ ಟಕ್ ಎನ್ನುತ್ತಿದೆ. ಆದರೆ ಕಿಡಿಯಿಲ್ಲ. ಗ್ಯಾಸ್ ಸುಮ್ಮನೆ ಹರಡುತ್ತದೆ, ಒಲೆ ಉರಿಯುವುದಿಲ್ಲ. ಪೆಟ್ರೋಲ್ ಕಾರಿನ ಇಂಜಿನ್ ಕೂಡ ಸರದಿಯಂತೆ ಉರಿಯುವ ಒಲೆಗಳ ಸಾಲು. ಸಾಮಾನ್ಯವಾಗಿ ಅದರಲ್ಲಿ ಮೂರು ಅಥವಾ ನಾಲ್ಕು ಸಿಲಿಂಡರ್‌ಗಳಿರುತ್ತವೆ. ಪ್ರತಿಯೊಂದರ ತಲೆಯಲ್ಲಿ ಒಂದು ಸ್ಪಾರ್ಕ್ ಪ್ಲಗ್ ಇರುತ್ತದೆ. ಗಾಡಿ ನಿಂತಲ್ಲೇ ಸುಮ್ಮನೆ ಗುರುಗುಟ್ಟುವಾಗ ಇಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ. ಎರಡು ಸುತ್ತಿಗೆ ಒಂದು ಕಿಡಿ ಎಂಬ ಲೆಕ್ಕದಲ್ಲಿ ಪ್ರತಿ ಪ್ಲಗ್ಗೂ ನಿಮಿಷಕ್ಕೆ 400 ಕಿಡಿ ಕೊಡಬೇಕು. ಹೆದ್ದಾರಿಯಲ್ಲಿ 3,000 ಸುತ್ತು ತಿರುಗುವಾಗ ಸೆಕೆಂಡಿಗೆ 25 ಕಿಡಿ! ಇವುಗಳಲ್ಲಿ ಒಂದು ಸಿಲಿಂಡರ್‌ಗೆ ಕಿಡಿ ತಪ್ಪಿದರೆ ಅದೇ ಮಿಸ್ಸಿಂಗ್. ಗಾಡಿ ನಡುಗುತ್ತದೆ, ಪಿಕಪ್ ಇರುವುದಿಲ್ಲ, ಏರಿನಲ್ಲಿ ಜರ್ಕ್ ಹೊಡೆಯುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ.

ಬ್ಯಾಟರಿಯ ಶಕ್ತಿ ಕೇವಲ 12 ವೋಲ್ಟ್. ಅಷ್ಟರಿಂದ ಗಾಳಿಯ ಸಂದನ್ನು ಹಾರುವ ಕಿಡಿ ಹುಟ್ಟದು. ಅದನ್ನು ಇಪ್ಪತ್ತು ಸಾವಿರ ವೋಲ್ಟ್‌ಗೂ ಮೇಲಕ್ಕೆ ಏರಿಸಿ ಪ್ಲಗ್‌ಗೆ ಕೊಡುವುದು ಕಾಯಿಲ್. ಹಳೆಯ ಕಾರುಗಳಲ್ಲಿ ಎಲ್ಲಾ ಪ್ಲಗ್‌ಗಳಿಗೂ ಸೇರಿ ಒಂದೇ ಕಾಯಿಲ್ ಇತ್ತು. ಈಗಿನ ಹೆಚ್ಚಿನ ಕಾರುಗಳಲ್ಲಿ ಒಂದೊಂದು ಪ್ಲಗ್ ಮೇಲೂ ಒಂದೊಂದು ಕಾಯಿಲ್ ಟೋಪಿಯಂತೆ ಕೂತಿರುತ್ತದೆ. ಡೀಸೆಲ್ ಗಾಡಿಗಳಿಗೆ ಈ ಸ್ಪಾರ್ಕ್ ಪ್ಲಗ್ ಇಲ್ಲ. ಸಿಎನ್‌ಜಿ ಹಾಕಿಸಿದ ಪೆಟ್ರೋಲ್ ಗಾಡಿಗಳಲ್ಲಿ ಪ್ಲಗ್ ಬೇಗ ಸವೆಯುತ್ತದೆ. ಮನೆಯವರು ಟ್ಯಾಕ್ಸಿ ಓಡಿಸುತ್ತಿದ್ದರೆ ಇದನ್ನು ನೆನಪಿಟ್ಟುಕೊಳ್ಳಿ.

ಇಲ್ಲೊಂದು ಮಾತು ಹೇಳಬೇಕು. ಮ್ಯಾಗ್ನೆಟೋದಿಂದ ಇಷ್ಟು ಶಕ್ತಿಯ ವಿದ್ಯುತ್ತು ಹುಟ್ಟಿಸಿ ಪ್ಲಗ್ ಉರಿಸುವ ವಿಧಾನವನ್ನು 1902ರಲ್ಲಿ ಜರ್ಮನಿಯ ಬಾಷ್ ಕಂಪೆನಿಯ ಇಂಜಿನಿಯರ್ ಗಾಟ್ಲೋಬ್ ಹೋನೋಲ್ಡ್ ಬಳಕೆಗೆ ತಂದರು. ಅದೇ ಕಂಪೆನಿಯ ಸಹಯೋಗದಲ್ಲಿ 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದದ್ದು ಮೈಕೋ. ಚಂದಾಪುರದಿಂದ ಇದೇ ಹೊಸೂರು ರಸ್ತೆ ಹಿಡಿದು ಊರೊಳಗೆ ಹೋದರೆ ಆಡುಗೋಡಿಯಲ್ಲಿ ಅದರ ಕಾರ್ಖಾನೆ ಸಿಗುತ್ತಿತ್ತು. 2008ರಲ್ಲಿ ಹೆಸರು ಬಾಷ್ ಎಂದೇ ಆಯಿತು. ಆದರೂ ನಮ್ಮ ಹಿರಿಯ ಮೆಕ್ಯಾನಿಕ್‌ಗಳ ಬಾಯಲ್ಲಿ ಇನ್ನೂ ‘ಮೈಕೋ ಪ್ಲಗ್’ ಉಳಿದಿದೆ.

ಈಗ ನಮ್ಮ ಬೀದಿಗೆ ಬರೋಣ. ನಮ್ಮದು ಹತ್ತು ವರ್ಷ ದಾಟಿದ, ಕೈ ಬದಲಾಯಿಸಿ ಬಂದ ಸಣ್ಣ ಪೆಟ್ರೋಲ್ ಕಾರು. ಅತ್ತೆಗೆ ಹೃದಯದ ತೊಂದರೆಯಿದ್ದು ಬೊಮ್ಮಸಂದ್ರದ ಆಸ್ಪತ್ರೆಗೆ ತಪ್ಪದೆ ಕರೆದೊಯ್ಯಬೇಕು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೋ ಬಂತು, ಅಲ್‌ಹಮ್ದುಲಿಲ್ಲಾಹ್. ಆದರೆ ಅದು ಬೊಮ್ಮಸಂದ್ರಕ್ಕೇ ಮುಗಿಯುತ್ತದೆ. ಚಂದಾಪುರದವರಿಗೆ ಉಳಿದ ದಾರಿ ಹೊಸೂರು ರಸ್ತೆಯೇ, ಅದರ ದಟ್ಟಣೆಯೇ. ಆ ದಟ್ಟಣೆಯಲ್ಲಿ ಒಂದು ದಿನ ಗಾಡಿ ನಡುಗತೊಡಗಿತು. ಅತ್ತೆ ಪಕ್ಕದಲ್ಲಿ ಕೂತಿದ್ದರು. ಮುಂದಿನ ಫಲಕದಲ್ಲಿ ಇಂಜಿನ್ ಆಕಾರದ ಹಳದಿ ದೀಪ ಮಿನುಗತೊಡಗಿತು. ಗಮನಿಸಿ, ಈ ದೀಪ ಸುಮ್ಮನೆ ಉರಿದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಮಿಣಮಿಣ ಎಂದು ಮಿನುಗಿದರೆ ಗಾಡಿಯನ್ನು ಬದಿಗೆ ನಿಲ್ಲಿಸುವುದೇ ಸರಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಅದು ಹಾಳಾದರೆ ಹತ್ತಾರು ಸಾವಿರದ ಮಾತು. ನಾವು ಗಾಡಿ ನಿಲ್ಲಿಸಿ ಆಟೋ ಹಿಡಿದೆವು.

ಹೆದ್ದಾರಿಯ ಪಕ್ಕದ ದೊಡ್ಡ ಗ್ಯಾರೇಜೊಂದಕ್ಕೆ ಗಾಡಿಯನ್ನು ಎಳೆಸಿದಾಗ ಅವರು ಅರ್ಧ ಗಂಟೆ ನೋಡಿ, ‘ಇಂಜಿನ್ ಕೆಲಸ, ಬಿಚ್ಚಬೇಕು, ಮೂವತ್ತೆಂಟು ಸಾವಿರ’ ಎಂದರು. ಮನೆಯಲ್ಲಿ ಮೌನ. ಮಗಳ ಕಾಲೇಜಿಗೆಂದು ತೆಗೆದಿಟ್ಟದ್ದು ಹೆಚ್ಚುಕಡಿಮೆ ಅಷ್ಟೇ. ಆ ಮೌನವನ್ನು ಮುರಿದವರು ನನ್ನ ಪತಿಯ ಅಣ್ಣ. ‘ಹೋದ ವಾರ ಆ ಹುಡುಗನ ಕೈಗೆ ಕೊಟ್ಟಿರಲ್ಲ! ಒರಿಜಿನಲ್ ಪ್ಲಗ್ ಕಿತ್ತು ಡುಪ್ಲಿಕೇಟ್ ಹಾಕಿರುತ್ತಾನೆ.’

ಆ ಹುಡುಗ ನಮ್ಮ ಬೀದಿಯ ತುದಿಯಲ್ಲಿ ತಗಡಿನ ಶೆಡ್ ಹಾಕಿಕೊಂಡಿರುವ ಆನೇಕಲ್ ಕಡೆಯ ಮೆಕ್ಯಾನಿಕ್. ನನ್ನನ್ನು ‘ಟೀಚರಮ್ಮ’ ಎಂದೇ ಕರೆಯುತ್ತಾನೆ. ಆ ವಾರ ಅವನು ಮಾಡಿದ್ದು ಇಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಾವಣೆ ಮಾತ್ರ. ಆದರೆ ಮಾತು ನಮ್ಮ ಹೊಸ್ತಿಲು ದಾಟಿತು. ಎರಡೇ ದಿನದಲ್ಲಿ ಬೀದಿಯ ಇಬ್ಬರು ತಮ್ಮ ಗಾಡಿಗಳನ್ನು ಬೇರೆ ಕಡೆ ಒಯ್ದರು.

ಸೂರಃ ಅಲ್ ಹುಜುರಾತ್ ನಾವೆಲ್ಲರೂ ಓದಿದ ಸೂರಃ. ಅದರ 6ನೆಯ ಸೂಕ್ತದಲ್ಲಿ ಬಂದ ಸುದ್ದಿಯನ್ನು ವಿಚಾರಿಸಿ ಖಚಿತಪಡಿಸಿಕೊಳ್ಳುವ ಆದೇಶವಿದೆ. 12ನೆಯದರಲ್ಲಿ ಗುಮಾನಿಯಿಂದ ದೂರವಿರುವ ಆದೇಶವಿದೆ. ಹೆಣ್ಣುಮಕ್ಕಳಿಗೆ ಇದನ್ನು ಪಾಠ ಹೇಳುವಾಗ ನಾವು ಚಾಡಿಯ, ನೆರೆಹೊರೆಯ ಉದಾಹರಣೆಗಳನ್ನೇ ಕೊಡುತ್ತೇವೆ. ಗ್ಯಾರೇಜಿನ ಉದಾಹರಣೆಯನ್ನು ಯಾರೂ ಕೊಡುವುದಿಲ್ಲ. ವಿಚಾರಿಸುವುದೆಂದರೆ ಹುಡುಗನನ್ನು ಕರೆದು ‘ನೀನು ಮಾಡಿದೆಯಾ?’ ಎಂದು ಗದರಿಸುವುದೇ? ಇಂಜಿನ್‌ನ ವಿಷಯದಲ್ಲಿ ಅದಕ್ಕಿಂತ ಒಳ್ಳೆಯ ಸಾಕ್ಷಿಯಿದೆ, ಅದನ್ನು ಎಲ್ಲರ ಮುಂದೆ ಕೇಳೋಣ ಎಂದು ನಾನು ಹೇಳಿದೆ. ಭಾವ ಒಪ್ಪಿದರು, ಮುಖ ಬಿಗಿದುಕೊಂಡೇ.

ಭಾನುವಾರ ಬೆಳಿಗ್ಗೆ ಹುಡುಗ ನಮ್ಮ ಅಂಗಳಕ್ಕೆ ಬಂದ. ಇಂಜಿನ್ ಪೂರ್ತಿ ತಣ್ಣಗಿತ್ತು. ಬಿಸಿಯಿದ್ದಾಗ ಪ್ಲಗ್ ಬಿಚ್ಚಿದರೆ ಅಲ್ಯೂಮಿನಿಯಂ ಹೆಡ್‌ನ ಮರೆ ಕಿತ್ತು ಬರುವ ಅಪಾಯವಿದೆ. ಸ್ಟೇರಿಂಗ್ ಕೆಳಗೆ ಒಂದು ಸಣ್ಣ ಸಾಧನ ಸಿಕ್ಕಿಸಿ ಮೊಬೈಲಿನಲ್ಲಿ ತೋರಿಸಿದ: ಪಿ0303. ಕೊನೆಯ ಅಂಕಿ ಸಿಲಿಂಡರ್‌ನದು. ಅಂದರೆ ಮೂರನೆಯದರಲ್ಲಿ ಮಿಸ್ಸಿಂಗ್. (ಪಿ0300 ಎಂದು ಬಂದರೆ ಒಂದೇ ಕಡೆಯಲ್ಲ, ಅಲ್ಲಲ್ಲಿ ತಪ್ಪುತ್ತಿದೆ ಎಂದರ್ಥ.) ನೋಡಿ, ಕೋಡ್ ಕೋಣೆಯನ್ನು ಹೇಳುತ್ತದೆ, ಕಳ್ಳನನ್ನು ಹೇಳುವುದಿಲ್ಲ. ಪ್ಲಗ್ಗೋ, ಕಾಯಿಲ್ಲೋ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರೋ, ಇಂಜಿನ್ ಒಳಗಿನ ಒತ್ತಡವೋ, ಯಾವುದೂ ಆಗಿರಬಹುದು. ‘ಇಂಜಿನ್ ಬಿಚ್ಚಬೇಕು’ ಎಂದವರು ಇಲ್ಲಿಂದ ಮುಂದಕ್ಕೆ ಹೋಗಿರಲಿಲ್ಲ.

ಹುಡುಗ ಪ್ಲಗ್‌ಗಳನ್ನು ಮುಟ್ಟಲೇ ಇಲ್ಲ. ಮೂರನೆಯ ಕಾಯಿಲ್‌ನ ವೈರಿನ ಲಾಕ್ ಒತ್ತಿ ಬಿಡಿಸಿ, ಒಂದು ಬೋಲ್ಟ್ ಬಿಚ್ಚಿ ಮೇಲಕ್ಕೆಳೆದ. ಎರಡನೆಯದನ್ನೂ ಹಾಗೆಯೇ ತೆಗೆದ. ಅದನ್ನು ಇದರ ಜಾಗಕ್ಕೆ, ಇದನ್ನು ಅದರ ಜಾಗಕ್ಕೆ ಕೂರಿಸಿ, ಕೋಡ್ ಅಳಿಸಿ, ಇಂಜಿನ್ ಚಾಲು ಮಾಡಿದ. ಗಾಡಿ ಮತ್ತೆ ನಡುಗಿತು. ಸ್ವಲ್ಪ ಹೊತ್ತಿಗೆ ಕೋಡ್ ಬಂತು: ಪಿ0302! ಕಾಯಿಲ್ ಹೋದಲ್ಲಿಗೆ ಮಿಸ್ಸಿಂಗ್ ಹೋಗಿತ್ತು. ಭಾವ ಮೊಬೈಲನ್ನು ಕೈಗೆ ತೆಗೆದುಕೊಂಡು ಎರಡು ಸಲ ನೋಡಿದರು. ಒಂದು ವೇಳೆ ಕೋಡ್ ಮೂರರಲ್ಲೇ ಉಳಿದಿದ್ದರೆ ಕಾಯಿಲ್ ನಿರಪರಾಧಿ. ಆಗ ಪ್ಲಗ್‌ಗಳನ್ನು ಅದಲುಬದಲು ಮಾಡಿ ನೋಡಬೇಕು, ಅದೂ ಅಲ್ಲವಾದರೆ ಮಾತ್ರ ಇಂಜೆಕ್ಟರ್, ಕಂಪ್ರೆಷನ್ ಎಂದು ಮುಂದಕ್ಕೆ ಹೋಗಬೇಕು. ಇಷ್ಟು ಪರೀಕ್ಷೆಗೆ ಒಂದು ಪೈಸೆಯ ಸಾಮಾನು ಬೇಕಾಗಿಲ್ಲ.

ಕಾಯಿಲ್‌ನ ಕೆಳಗಿನ ರಬ್ಬರ್ ಕೊಳವೆಯಲ್ಲಿ ಕೂದಲೆಳೆಯ ಬಿರುಕಿತ್ತು. ಮೂರನೆಯ ಪ್ಲಗ್ ಇರುವ ಗುಳಿಯಲ್ಲಿ ನೀರಿನ ಪಸೆಯಿತ್ತು. ಪ್ಲಗ್ ಬಿಚ್ಚಿದಾಗ ಅದರ ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲಿನಲ್ಲಿ ಎಳೆದಂತೆ ಕಪ್ಪು ಗೆರೆ. ಕಿಡಿ ಒಳಗೆ ಹಾರದೆ ಆ ಬಿರುಕಿನಿಂದ, ಆ ಗೆರೆಯ ದಾರಿಯಿಂದ ಹೊರಗೇ ಸೋರಿ ಹೋಗುತ್ತಿತ್ತು. ನೀರು ಹೇಗೆ ಬಂತು? ಮಳೆಯ ಕೆಸರು ತೊಳೆಸಲು ಗಾಡಿಯನ್ನು ವಾಟರ್ ಸರ್ವೀಸ್‌ಗೆ ಕೊಟ್ಟಿದ್ದವರು ಭಾವನೇ. ಅಲ್ಲಿಯ ಹುಡುಗರು ಬಾನೆಟ್ ಎತ್ತಿ ಇಂಜಿನ್ ಮೇಲೂ ಜೋರಾಗಿ ನೀರು ಹೊಡೆದಿದ್ದರು. ಮೆಕ್ಯಾನಿಕ್ ಹುಡುಗ ಇದನ್ನು ಕೇಳಿ ಏನೂ ಹೇಳಲಿಲ್ಲ. ಗುಳಿಗೆ ಗಾಳಿ ಹೊಡೆದು ಒಣಗಿಸಿದ.

ಉಳಿದ ಮೂರು ಪ್ಲಗ್‌ಗಳು? ಕಾರಿನ ಜೊತೆಗೆ ಬಂದಿದ್ದ ಬ್ರಾಂಡಿನವೇ, ಆದರೆ ಮೂತಿ ಸವೆದು ಸಂದು ಅಗಲವಾಗಿತ್ತು. ಸಂದು ಅಗಲವಾದಷ್ಟೂ ಕಿಡಿ ಹಾರಿಸಲು ಕಾಯಿಲ್ ಹೆಚ್ಚು ದುಡಿಯಬೇಕು, ಬೇಗ ಸಾಯುತ್ತದೆ. ಆದುದರಿಂದ ನಾಲ್ಕೂ ಪ್ಲಗ್ ಹೊಸದು, ಕಾಯಿಲ್ ಒಂದೇ ಒಂದು. ಎಲ್ಲಾ ಕಾಯಿಲ್‌ಗಳನ್ನೂ ಬದಲಾಯಿಸಬೇಕೆನ್ನುವವರಿದ್ದಾರೆ. ಚೆನ್ನಾಗಿರುವುದನ್ನು ಎಸೆಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಕೂಲಿ ಸೇರಿ ಐದು ಸಾವಿರದೊಳಗೆ ಮುಗಿಯಿತು. ಮೂವತ್ತೆಂಟು ಎಲ್ಲಿ, ಐದು ಎಲ್ಲಿ!

ನಿಮ್ಮ ಗಾಡಿಗೂ ಈ ಕೆಲಸ ಬಂದರೆ ಹತ್ತಿರ ನಿಂತು ನೋಡಿ, ಸಂಕೋಚ ಬೇಡ. ಸಾಧಾರಣ ನಿಕ್ಕಲ್ ಪ್ಲಗ್ ಇಪ್ಪತ್ತರಿಂದ ನಲವತ್ತು ಸಾವಿರ ಕಿಲೋಮೀಟರ್, ಇರಿಡಿಯಂನದು ಅದರ ಎರಡು ಮೂರು ಪಟ್ಟು ಬಾಳುತ್ತದೆ. ನಿಮ್ಮದರ ಲೆಕ್ಕ ಗಾಡಿಯ ಪುಸ್ತಕದಲ್ಲೇ ಇರುತ್ತದೆ, ಪ್ಲಗ್‌ನ ನಂಬರ್ ಕೂಡ. ಹೊಸ ಪ್ಲಗ್‌ನ ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಬೇಕು, ಸ್ಪ್ಯಾನರ್ ಆಮೇಲೆ. ತೆಗೆದ ಹಳೆಯ ಪ್ಲಗ್‌ಗಳನ್ನು ಕೇಳಿ ಪಡೆಯಿರಿ. ಮೂತಿ ತಿಳಿ ಕಂದು ಬಣ್ಣವಿದ್ದರೆ ಇಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಎಂದರೆ ಪೆಟ್ರೋಲ್ ಹೆಚ್ಚಾಗುತ್ತಿದೆ. ಎಣ್ಣೆ ಪಸೆಯಿದ್ದರೆ ಆಯಿಲ್ ಒಳಗೆ ಬರುತ್ತಿದೆ, ಅದು ಪ್ಲಗ್ ಬದಲಾಯಿಸಿದರೆ ಹೋಗುವ ರೋಗವಲ್ಲ. ಪ್ರವಾದಿ(ಸ)ರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಒಳಗಿನ ಒದ್ದೆಯನ್ನು ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂದು ವ್ಯಾಪಾರಿಯನ್ನು ವಿಚಾರಿಸಿದ ಘಟನೆ ನಿಮಗೆ ಗೊತ್ತೇ ಇದೆ. ಹಳೆಯ ಪ್ಲಗ್ ಕೇಳುವುದು ಅವಮಾನ ಮಾಡಿದಂತಲ್ಲ. ಪ್ರಾಮಾಣಿಕನಾದವನು ಸಂತೋಷದಿಂದ ತೋರಿಸುತ್ತಾನೆ.

‘ಹೆಂಗಸರಿಗೆ ಇದೆಲ್ಲ ಏಕೆ?’ ಎನ್ನುವವರಿಗೆ ನಾನು ಬರ್ತಾ ಬೆಂಜ್ ಎಂಬ ಮಹಿಳೆಯ ಕಥೆ ಹೇಳುತ್ತೇನೆ. 1888ರ ಆಗಸ್ಟ್‌ನಲ್ಲಿ ಆಕೆ ಗಂಡ ತಯಾರಿಸಿದ ಮೋಟಾರು ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟರು. ನೂರು ಕಿಲೋಮೀಟರಿಗೂ ಮೇಲ್ಪಟ್ಟ ದಾರಿ, ಅಷ್ಟು ದೂರ ಆವರೆಗೆ ಯಾರೂ ಕಾರು ಓಡಿಸಿರಲಿಲ್ಲ. ದಾರಿಯಲ್ಲಿ ಪೆಟ್ರೋಲ್ ನಳಿಗೆ ಕಟ್ಟಿದಾಗ ಟೋಪಿಯ ಪಿನ್ನಿನಿಂದ ಬಿಡಿಸಿದರು. ಕಿಡಿಯ ತಂತಿ ಸವೆದಾಗ ಕಾಲುಚೀಲದ ಪಟ್ಟಿಯನ್ನು ಸುತ್ತಿ ಸೋರಿಕೆ ತಡೆದರು. ಲೋಕದ ಮೊದಲ ದೂರ ಪ್ರಯಾಣದಲ್ಲೇ ಕಿಡಿಯ ರೋಗವನ್ನು ಗುಣಪಡಿಸಿದ್ದು ಒಬ್ಬ ತಾಯಿ.

ಭಾವ ಆ ವಾರ ಜುಮಾ ಮುಗಿದ ಮೇಲೆ ನೇರವಾಗಿ ಹುಡುಗನ ಶೆಡ್‌ಗೆ ಹೋದರು. ಏನು ಮಾತಾಡಿದರೋ, ನಾವು ಕೇಳಲಿಲ್ಲ. ಅಲ್ಲಿಂದ ಬೀದಿಯ ಆ ಇಬ್ಬರ ಮನೆಗೂ ಹೋಗಿ ಕಾಯಿಲ್‌ನ ವಿಷಯ ತಾವೇ ಹೇಳಿ ಬಂದರು. ಒಬ್ಬರ ಗಾಡಿ ಮಾರನೆಯ ತಿಂಗಳೇ ಶೆಡ್‌ಗೆ ಮರಳಿತು. ಇನ್ನೊಬ್ಬರು ಇಂದಿಗೂ ಅತ್ತಿಬೆಲೆಯವರೆಗೆ ಹೋಗಿ ಸರ್ವೀಸ್ ಮಾಡಿಸುತ್ತಾರೆ.