ಕನ್ನಡಿಯ ಮೊಳೆ

ಈ ಮಳೆಗಾಲದಲ್ಲಿ ಊರಿಗೆ ಹೋದಾಗ ಅಪ್ಪನ ಒಳ್ಳೆಯ ಫೋಟೊ ಒಂದು ಸಿಕ್ಕಿತು. ಜಗಲಿಯ ಕಿಟಕಿ ಪಕ್ಕದ ಮೊಳೆಗೆ ಅಂಗೈಯಗಲದ ಕನ್ನಡಿ ತಗಲಿಸಿ ಗಡ್ಡ ಹೆರೆದುಕೊಳ್ಳುತ್ತಿದ್ದರು. ಮೋಡ ಸೋಸಿ ಕೊಟ್ಟ ಬೆಳಕು ಎಡಗೆನ್ನೆ ಸವರಿ, ಮೂಗಿನ ಏಣು ದಾಟಿ, ಬಲಗೆನ್ನೆಯಲ್ಲಿ ನಿಧಾನವಾಗಿ ಕರಗುತ್ತಿತ್ತು. ಕಿವಿಯ ಬುಡದಲ್ಲಿ ಸೋಪಿನ ನೊರೆ ಒಂದಿಷ್ಟು ಉಳಿದಿತ್ತು. ಅದೂ ಬಂದಿದೆ.

ಆ ಮೊಳೆ ಮನೆಗೆ ಕರೆಂಟು ಬರುವ ಮೊದಲಿನದು. ಮುಖ ಎಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ಅಪ್ಪ ಆಗಲೇ ಕಂಡುಕೊಂಡಿದ್ದರು. ಅಮ್ಮ ಮೊರ ಹಿಡಿದು ಅಕ್ಕಿ ಆರಿಸಲು ಕೂರುವುದು ಹಿತ್ತಿಲ ಹೊಸಿಲಿನಿಂದ ಎರಡು ಮೊಳ ಒಳಗೆ. ಕಲ್ಲು ಕಾಣುವಷ್ಟು ಬೆಳಕು, ಕಣ್ಣು ಕುಕ್ಕದಷ್ಟು ದೂರ. ಬೆಳಕು ಹುಡುಕುತ್ತ ನಾನು ಮನೆಯೆಲ್ಲ ಸುತ್ತುವುದನ್ನು ಬಿಟ್ಟು ಬಹಳ ದಿನವಾಯಿತು. ಅವರು ಕೂರುವಲ್ಲಿ ಹೋಗಿ ಕೂರುತ್ತೇನೆ. 50 ಎಂಎಂ ಲೆನ್ಸು, ಎಫ್ 2, ಐಎಸ್‌ಒ 800. ನೆರಳಿನ ಕಡೆ ತೀರಾ ಕಪ್ಪಾದರೆ ಅತ್ತ ಕುರ್ಚಿಯ ಮೇಲೊಂದು ಬಿಳಿ ಪಂಚೆ ಹರವಿದರೆ ಸಾಕು. ಆದರೆ ದೀಪ ಆರಿಸಲೇಬೇಕು. ಮೋಡದ ಬೆಳಕು ಸುಮಾರು 6500 ಕೆಲ್ವಿನ್, ಹಳದಿ ಬಲ್ಬು 2700. ಎರಡೂ ಸೇರಿದರೆ ಒಂದೇ ಮುಖದ ಅರ್ಧ ನೀಲಿ, ಅರ್ಧ ಅರಿಸಿನ.

ಚಿತ್ರವನ್ನು ಕ್ಯಾಮೆರಾ ಗೆಳೆಯರೊಬ್ಬರಿಗೆ ತೋರಿಸಿದೆ. ನನ್ನ ಮೊಬೈಲಿನಲ್ಲೇ ಸುಕ್ಕು ಅಳಿಸಿ, ಕೆನ್ನೆ ಬೆಳ್ಳಗೆ ಮಾಡಿ, "ನೋಡಿ, ಹತ್ತು ವರ್ಷ ಕಡಿಮೆ ಆಯ್ತು" ಎಂದರು. ಯಾರು ಕೇಳಿದ್ದರು ಕಡಿಮೆ ಮಾಡಲು? ಹಣೆಯ ಆ ಮೂರು ಗೆರೆ ಅಡಿಕೆ ಗೊನೆ ನೋಡಲು ಕತ್ತೆತ್ತಿ ಕತ್ತೆತ್ತಿ ಬಿದ್ದವು. ತೋಟದಲ್ಲಿ ಕಪ್ಪಾದ ಮುಖವನ್ನು ಬೆಳ್ಳಗೆ ಮಾಡಲು ಇವರಿಗೆ ಅಧಿಕಾರ ಕೊಟ್ಟವರು ಯಾರು? ಸುಕ್ಕು ಕಾಣುವುದೇ ಪಕ್ಕದಿಂದ ಬೀಳುವ ಬೆಳಕಿನಲ್ಲಿ. ಅದಕ್ಕೆಂದೇ ನಾನು ಕಿಟಕಿಗೆ ಕಾದು ಕೂರುವುದು!

ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಕ್ಯಾಮೆರಾ ಹಿಡಿದದ್ದು 48ನೇ ವಯಸ್ಸಿನಲ್ಲಿ, ಮಗಳು ಅಳಿಯ ಕೊಟ್ಟ ಉಡುಗೊರೆ ಅದು. ಇಂಗ್ಲೆಂಡಿನ ಮನೆಯ ಕೋಳಿಗೂಡನ್ನೇ ಗಾಜಿನ ಸ್ಟುಡಿಯೊ ಮಾಡಿಕೊಂಡಿದ್ದರು. 1867ರಲ್ಲಿ ಅವರು ತೆಗೆದ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ ಚಿತ್ರ ನೋಡಿ. ಎಪ್ಪತ್ತೈದರ ಮುದುಕ, ಕೆದರಿದ ಬಿಳಿಗೂದಲು, ಕಣ್ಣಿನ ಕೆಳಗೆ ಜೋತ ಚರ್ಮ. ಅದರಲ್ಲಿ ಒಂದು ಗೆರೆ ಅಳಿಸಿದರೂ ಆ ಮನುಷ್ಯ ಉಳಿಯುವುದಿಲ್ಲ.

ನಮ್ಮ ಅಜ್ಜಿಯದೆಂದು ಗೋಡೆಯ ಮೇಲಿರುವುದು, ಆಕೆ ತೀರಿಕೊಂಡ ಮೇಲೆ ರೇಷನ್ ಕಾರ್ಡಿನ ಚಿತ್ರವನ್ನು ದೊಡ್ಡದು ಮಾಡಿಸಿದ್ದು. ಗಲ್ಲದ ಮೇಲಿದ್ದ ಮಚ್ಚೆಯನ್ನು ಸ್ಟುಡಿಯೊದವರು ಕಲೆಯೆಂದು ತಿಳಿದು ಒರೆಸಿಬಿಟ್ಟಿದ್ದಾರೆ. ಅದು ಎಡಗಡೆ ಇತ್ತು ಎನ್ನುತ್ತಾರೆ ಅಪ್ಪ. ಅತ್ತೆ ಬಲಗಡೆ ಎನ್ನುತ್ತಾರೆ.